ಹರಸಿ ಬಾಳುವುದು, ಉಳಿಸಿ ಹೋಗುವುದು: ಕ್ರೈಸ್ತ ಮನೆಗಳಿಗೊಂದು ಮಾರ್ಗದರ್ಶಿ

ನಮ್ಮ ಸಭೆಗಳಲ್ಲಿ ಹಿರಿಯರು ಬಿಟ್ಟುಹೋದ ಪರಂಪರೆಯ ಮಾತು ಬಂದಾಗಲೆಲ್ಲ ಮೋಗ್ಲಿಂಗ್, ಕಿಟೆಲ್, ಫಾದರ್ ಮುಲ್ಲರ್ ಅವರ ಹೆಸರುಗಳು ತಪ್ಪದೆ ಬರುತ್ತವೆ. ಬರಬೇಕಾದದ್ದೇ. ಮೋಗ್ಲಿಂಗರು 1843ರಲ್ಲಿ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು. ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆಂದು ಆರಂಭಿಸಿದ ಹೋಮಿಯೋಪಥಿ ಔಷಧಾಲಯ ಇಂದು ಮಂಗಳೂರಿನ ಕಂಕನಾಡಿಯಲ್ಲಿ ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ಆದರೆ ಈ ಹೆಸರುಗಳನ್ನು ಹೇಳಿ ಹೇಳಿ ಒಂದು ತೊಂದರೆಯೂ ಆಗಿದೆ. ಶಾಲಾ ಶಿಕ್ಷಕಿ, ನರ್ಸ್, ಬ್ಯಾಂಕಿನ ಗುಮಾಸ್ತ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಇಂಥವರು ಪರಂಪರೆ ಎಂಬುದು ದೊಡ್ಡವರ ಕೆಲಸ, ತಮ್ಮದು ಕಾಣಿಕೆ ತಟ್ಟೆಗೆ ಹಾಕುವಷ್ಟೇ ಎಂದುಕೊಂಡು ಸುಮ್ಮನಾಗುತ್ತಾರೆ. ಸ್ವಲ್ಪ ಹಣವಿದ್ದವರು ದೇವಾಲಯಕ್ಕೆ ಬೆಂಚು ಕೊಟ್ಟು, ಅದರ ಬೆನ್ನಿಗೆ ತಂದೆತಾಯಿಯ ಹೆಸರು ಬರೆಸಿ, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ.

ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಯೊಪ್ಪದ ತಬಿಥಾ, ಅಂದರೆ ದೊರ್ಕ, ಈ ವಿಷಯದಲ್ಲಿ ನಮಗೆ ಹೆಚ್ಚು ಹತ್ತಿರದವಳು. ಅವಳು ತೀರಿಕೊಂಡಾಗ ಮೇಲಂತಸ್ತಿನ ಕೋಣೆಗೆ ಬಂದ ಪೇತ್ರನ ಸುತ್ತ ವಿಧವೆಯರು ಅಳುತ್ತ ನಿಂತು, ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಡುಪುಗಳನ್ನೂ ತೋರಿಸುತ್ತಾರೆ. ಅವಳ ಬದುಕಿನ ಲೆಕ್ಕವೆಲ್ಲ ಆ ಬಟ್ಟೆಗಳಲ್ಲಿತ್ತು. ಈ ಲೇಖನದ ಹೆಜ್ಜೆಗಳು ಅಂಥ ಬದುಕಿಗೆ ಸಂಬಂಧಿಸಿದವು. ನಾವು ಮಾಡುವ ಒಳಿತು ನಮ್ಮ ನಂತರವೂ ನಡೆಯಬೇಕಾದರೆ ಅದು ಪದೇ ಪದೇ ಮಾಡಬಹುದಾದಷ್ಟು ಚಿಕ್ಕದಾಗಿರಬೇಕು, ಕಾಗದದ ಮೇಲಿರಬೇಕು, ಮತ್ತು ಇನ್ನೊಬ್ಬರ ಕೈಗೆ ಕೊಡಲು ಬರುವಂತಿರಬೇಕು.

ಮೊದಲ ಹೆಜ್ಜೆ: ಹೆಸರುಗಳನ್ನು ಬರೆಯಿರಿ

ದೇವರು ಅಬ್ರಹಾಮನನ್ನು ಆಶೀರ್ವದಿಸಿದ್ದು ಅವನ ಮೂಲಕ ಇತರರು ಆಶೀರ್ವಾದ ಹೊಂದಲಿ ಎಂಬುದಕ್ಕಾಗಿ. ಲೋಕದ ಎಲ್ಲ ಕುಲಗಳಿಗೆ ಎಂಬ ಆ ವಾಗ್ದಾನವನ್ನು ನಾವು ನಮ್ಮ ಬೀದಿಯ ಅಳತೆಗೆ ಇಳಿಸಿಕೊಳ್ಳದಿದ್ದರೆ ಅದು ಪ್ರಾರ್ಥನೆಯಲ್ಲಿ ಹೇಳುವ ಮಾತಾಗಿಯೇ ಉಳಿಯುತ್ತದೆ. ಆದುದರಿಂದ ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ಐದಾರು ಹೆಸರು ಬರೆದುಕೊಳ್ಳಿ. ಒಬ್ಬಂಟಿಯಾಗಿರುವ ನೆರೆಯವರು, ಮನೆಗೆಲಸಕ್ಕೆ ಬರುವಾಕೆ, ಕಚೇರಿಯಲ್ಲಿ ಯಾರೂ ಮಾತನಾಡಿಸದ ಸಹೋದ್ಯೋಗಿ, ಓದಿನಲ್ಲಿ ಹಿಂದೆ ಬಿದ್ದಿರುವ ಒಂದು ಮಗು. ಪಟ್ಟಿಯಲ್ಲಿ ನಮ್ಮ ಸಭೆಯವರಷ್ಟೇ ತುಂಬಿದ್ದರೆ ಮತ್ತೆ ಯೋಚಿಸಿ. ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರ್ಯದವನು ಅವನ ಮತವನ್ನು ವಿಚಾರಿಸಲಿಲ್ಲ. ಕೊನೆಗೆ, ಮಾತು ಬಿಟ್ಟಿರುವ ಒಬ್ಬ ಬಂಧುವಿನ ಹೆಸರನ್ನೂ ಬರೆಯಿರಿ. ಸಹೋದರನಿಗೆ ನಮ್ಮ ಮೇಲೆ ಏನಾದರೂ ದೂರಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ, ಮತ್ತು ಆಸ್ತಿಯ ಜಗಳಗಳಿಂದ ಒಡೆದ ನಮ್ಮ ಎಷ್ಟೋ ಕುಟುಂಬಗಳಲ್ಲಿ ಇದಕ್ಕಿಂತ ಕಷ್ಟದ ಹೆಜ್ಜೆ ಬೇರೊಂದಿಲ್ಲ.

ವಾರಕ್ಕೊಮ್ಮೆ ಆ ಹೆಸರುಗಳನ್ನು ಪ್ರಾರ್ಥನೆಯಲ್ಲಿ ನೆನೆಯಿರಿ. ಅವರಿಗೆ ಏನು ಬೇಕೆಂಬುದು ಆಗ ತಾನಾಗಿ ಕಣ್ಣಿಗೆ ಬೀಳತೊಡಗುತ್ತದೆ.

ಎರಡನೆಯ ಹೆಜ್ಜೆ: ಕೊಡುವ ಮುನ್ನ ಕೊಡಬೇಕಾದದ್ದನ್ನು ತೀರಿಸಿ

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ವಿಶ್ವಾಸಿಗಳಿಗೂ ಅನ್ವಯಿಸುತ್ತದೆ. ದಾನದ ಲೆಕ್ಕ ಹಾಕುವ ಮೊದಲು ಮನೆಗೆಲಸದವರ ಸಂಬಳ, ಡ್ರೈವರನ ಬಾಕಿ, ತೋಟದ ಆಳುಗಳ ಕೂಲಿ ಇವು ನ್ಯಾಯವಾಗಿ, ಹೊತ್ತಿಗೆ ಸರಿಯಾಗಿ ಸಲ್ಲುತ್ತಿವೆಯೇ ಎಂದು ನೋಡಿ. ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ವರ್ಷವಿಡೀ ರಜೆಗೆ ಸಂಬಳ ಕತ್ತರಿಸಿ, ಕ್ರಿಸ್ಮಸ್‌ಗೆ ಒಂದು ಸೀರೆ ಮತ್ತು ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬ ಕೊಟ್ಟರೆ ಅದು ಆಶೀರ್ವಾದವಾಗದು. ತಿಂಗಳಿಗೆ ಎರಡು ದಿನ ಸಂಬಳ ಸಹಿತ ರಜೆ, ವರ್ಷಕ್ಕೊಮ್ಮೆ ಕೇಳದೆಯೇ ಏರಿಕೆ, ಇವೆರಡೇ ಸಾಕು, ಆ ಮನೆಯಲ್ಲಿ ಕ್ರಿಸ್ತನ ಹೆಸರಿಗೆ ಗೌರವ ಬರುತ್ತದೆ.

ಅದಾದ ಮೇಲೆ ಕೊಡುವ ಪಾಲು. ಹತ್ತರಲ್ಲಿ ಒಂದು ಕಡ್ಡಾಯವೋ ಅಲ್ಲವೋ ಎಂಬ ಚರ್ಚೆ ನಮ್ಮ ಅನ್ಯೋನ್ಯ ಕೂಟಗಳಲ್ಲಿ ಮುಗಿಯುವಂತೆ ಕಾಣುವುದಿಲ್ಲ. ಚರ್ಚೆ ಮಾಡುವವರು ಅಷ್ಟರಲ್ಲಿ ಇಪ್ಪತ್ತರಲ್ಲಿ ಒಂದನ್ನಾದರೂ ಕೊಡಲು ಆರಂಭಿಸಬಹುದು. ಮುಖ್ಯವಾದದ್ದು ಕ್ರಮ. ಯಾಜಕಕಾಂಡದಲ್ಲಿ ರೈತನಿಗೆ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲನ್ನು (ಕೊಯ್ಲಿನಲ್ಲಿ ಉದುರಿದ ತೆನೆಯನ್ನು) ಆರಿಸಬೇಡ, ಅದನ್ನು ಬಡವರಿಗೂ ಪರದೇಶಿಗೂ ಬಿಡು ಎಂಬ ಆಜ್ಞೆಯಿದೆ. ಕೊಯ್ಲಿನ ಲೆಕ್ಕದೊಳಗೇ ಆ ಪಾಲು ಸೇರಿತ್ತು. ಬೋವಜನ ಹೊಲದಲ್ಲಿ ರೂತಳು ಹಕ್ಕಲಾಯ್ದದ್ದು ಈ ಕ್ರಮದಿಂದಾಗಿಯೇ. ಸಂಬಳದ ಮನೆಗಳಲ್ಲಿ ಇದನ್ನು ಹೀಗೆ ಮಾಡಬಹುದು: ಸಂಬಳ ಜಮೆಯಾದ ದಿನವೇ ನಿಗದಿಯಾದ ಮೊತ್ತವನ್ನು ಬೇರೊಂದು ಉಳಿತಾಯ ಖಾತೆಗೆ ದಾಟಿಸಿ. 30,000 ರೂಪಾಯಿ ಸಂಬಳದ ಒಬ್ಬರು 3,000 ತೆಗೆದಿಟ್ಟರೆ, 1,500 ಸಭೆಗೆ, 1,000 ಒಂದು ಮಗುವಿನ ಶಾಲೆಯ ಖರ್ಚಿಗೆ, ಉಳಿದ 500 ಯಾರಿಗೆಂದು ಇನ್ನೂ ಗೊತ್ತಿಲ್ಲದ ತುರ್ತಿಗೆ. ಈ ಕೊನೆಯ ಭಾಗವನ್ನು ಬಿಡಬೇಡಿ. ಅಂಬುಲೆನ್ಸಿಗೆ ಹಣ ಬೇಕಾದ ರಾತ್ರಿ ಯಾರೂ ಮುಂಚಿತವಾಗಿ ತಿಳಿಸಿ ಬರುವುದಿಲ್ಲ. ಸಾಲ ಮಾಡಿ ಕೊಡಬೇಡಿ; ಇಲ್ಲದ್ದಕ್ಕನುಸಾರವಾಗಿ ಅಲ್ಲ, ಇದ್ದದ್ದಕ್ಕನುಸಾರವಾಗಿ ಕೊಟ್ಟದ್ದು ಸಮರ್ಪಕವೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ.

ನಗದು ಕಡಿಮೆಯಿರುವ ಮನೆಗಳಿಗೆ ಮಿಜೋರಾಂನ ಪದ್ಧತಿಯೊಂದು ಮಾದರಿಯಾಗಬಲ್ಲದು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ. ಅದನ್ನು ಸಂಗ್ರಹಿಸಿ ಮಾರಿದ ಹಣ ಸಭೆಯ ಸೇವಾಕಾರ್ಯಕ್ಕೆ ಸಲ್ಲುತ್ತದೆ. 1910ರಲ್ಲಿ ಆರಂಭವಾದ ಈ ಹಿಡಿ ಅಕ್ಕಿ ಇಂದಿಗೂ ನಡೆಯುತ್ತಿದೆ. ಅಡುಗೆಮನೆಯಲ್ಲಿ ದಿನಕ್ಕೆರಡು ಬಾರಿ ಅಮ್ಮನ ಕೈ ಆ ಪಾತ್ರೆಯ ಕಡೆ ಹೋಗುವುದನ್ನು ನೋಡುತ್ತಲೇ ಮಕ್ಕಳು ಬೆಳೆಯುವುದರಿಂದ, ಅಲ್ಲಿ ಯಾರಿಗೂ ದಾನದ ಕುರಿತು ಪ್ರತ್ಯೇಕವಾಗಿ ಪಾಠ ಹೇಳಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಮನೆಗೆ ಹೋಗಿ, ಮತ್ತೆ ಹೋಗಿ

1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ತನ್ನ ಕೆಲವು ಸ್ನೇಹಿತರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇಂದು ನಮ್ಮ ಕರಾವಳಿಯ ಚರ್ಚುಗಳಲ್ಲಿಯೂ ಇದೆ. ಅದರ ಸದಸ್ಯರು ಬಡವರಿದ್ದಲ್ಲಿಗೆ ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಹೋಗುತ್ತಾರೆ. ನೀವು ಕಥೋಲಿಕರಾಗಿರಲಿ, ಸಿಎಸ್ಐ ಅಥವಾ ಮೆಥಡಿಸ್ಟ್ ಸಭೆಯವರಾಗಿರಲಿ, ಈ ರೂಢಿಯನ್ನು ಹಾಗೆಯೇ ತೆಗೆದುಕೊಳ್ಳಬಹುದು. ಇಬ್ಬರಿದ್ದರೆ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ, ಮತ್ತು ಒಬ್ಬರಿಗೆ ಬಿಡುವಿಲ್ಲದ ವಾರ ಕೆಲಸ ನಿಲ್ಲುವುದಿಲ್ಲ.

ಹೋದಾಗ ಚಾಪೆ ಹಾಸಿದರೆ ಚಾಪೆಯ ಮೇಲೆ ಕುಳಿತುಕೊಳ್ಳಿ. ಚಹಾ ಕೊಟ್ಟರೆ ಕುಡಿಯಿರಿ. ಕೊಡುವ ಸಂತೋಷವನ್ನು ಬಡವರಿಂದ ಕಿತ್ತುಕೊಳ್ಳುವುದು ಸಣ್ಣ ಅಪರಾಧವಲ್ಲ. ಮೊಬೈಲ್ ಜೇಬಿನಲ್ಲೇ ಇರಲಿ. ದಿನಸಿ ಚೀಲವನ್ನು ಕೈಗಿಡುತ್ತ ಫೋಟೋ ತೆಗೆಯುವ ಚಾಳಿ ನಮ್ಮಲ್ಲಿ ಎಷ್ಟು ಬೆಳೆದಿದೆಯೆಂದರೆ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದ ಯೇಸುಸ್ವಾಮಿಯ ಮಾತನ್ನು ಅದೇ ಭಾನುವಾರ ಓದಿದವರೂ ಸೋಮವಾರ ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹಾಕುತ್ತಾರೆ. ಇನ್ನೊಂದು ಮಾತು: ಸಹಾಯಕ್ಕೆ ಯಾವ ಷರತ್ತೂ ಅಂಟಿಕೊಂಡಿರಬಾರದು. ಅಕ್ಕಿಯ ಚೀಲದೊಂದಿಗೆ ಆರಾಧನೆಗೆ ಬನ್ನಿ ಎಂಬ ಕರೆಯೂ ಹೋದರೆ, ಅಕ್ಕಿ ಬೇಕಾದವರು ಇಲ್ಲ ಎನ್ನಲಾರದ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಅವರು ತಾವಾಗಿ ಪ್ರಾರ್ಥನೆ ಮಾಡಿ ಎಂದು ಕೇಳಿದರೆ ಮಾಡಿ. ಕೇಳದಿದ್ದರೆ ನಿಮ್ಮ ಮನೆಗೆ ಹಿಂತಿರುಗಿ ಬಂದು ಮಾಡಿ.

ಬಹುತೇಕ ಮನೆಗಳಲ್ಲಿ ದಿನಸಿಗಿಂತ ದೊಡ್ಡ ಕೊರತೆಯೆಂದರೆ ಕಾಗದಪತ್ರಗಳದ್ದು. ಪಾಸ್‌ಬುಕ್ ತೋರಿಸಲು ಹೇಳಿ. ಆಧಾರ್ ಜೋಡಣೆ ತಪ್ಪಿ ಸಂಧ್ಯಾ ಸುರಕ್ಷಾ ಅಥವಾ ವಿಧವಾ ವೇತನ ಕೆಲವು ತಿಂಗಳುಗಳ ಹಿಂದೆಯೇ ನಿಂತುಹೋಗಿರಬಹುದು. ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿರುವುದಿಲ್ಲ; ಮಗಳ ವಿದ್ಯಾರ್ಥಿವೇತನದ ಅರ್ಜಿ ಎಸ್ಎಸ್‌ಪಿ ಪೋರ್ಟಲಿನಲ್ಲಿ ಅರ್ಧಕ್ಕೆ ನಿಂತಿರುತ್ತದೆ; ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆದು ಅಲೆದು ತಾಯಿ ಕೈಬಿಟ್ಟಿರುತ್ತಾಳೆ. ಓದುಬರಹ ಬಲ್ಲ ಒಬ್ಬರು ಅರ್ಧ ದಿನ ರಜೆ ಹಾಕಿ ಅವಳೊಂದಿಗೆ ಸರದಿಯಲ್ಲಿ ನಿಂತರೆ ಆಗುವ ಉಪಕಾರ ನಾಲ್ಕು ತಿಂಗಳ ದಿನಸಿಗಿಂತ ದೊಡ್ಡದು. ಅದೇ ರೀತಿ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದು ನಾಲ್ಕು ದಿನ ನಿದ್ದೆಗೆಟ್ಟವರನ್ನು ಒಂದು ರಾತ್ರಿ ಮನೆಗೆ ಕಳುಹಿಸಿ ಅವರ ಜಾಗದಲ್ಲಿ ನೀವು ಕುಳಿತುಕೊಳ್ಳುವುದು. ಹಣ್ಣಿನ ಬುಟ್ಟಿ ತಂದು ಹತ್ತು ನಿಮಿಷ ನಿಂತು ಹೋಗುವವರು ಬಹಳ ಜನ. ರಾತ್ರಿ ಉಳಿಯುವವರು ಅಪರೂಪ.

ಸಮಾರ್ಯದವನ ಕಥೆಯಲ್ಲಿ ಪ್ರಸಂಗಗಳು ಹೆಚ್ಚಾಗಿ ದಾಟಿ ಹೋಗುವ ಒಂದು ವಿವರವಿದೆ. ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇದಕ್ಕಿಂತ ಹೆಚ್ಚು ವೆಚ್ಚವಾದರೆ ಹಿಂತಿರುಗಿ ಬಂದಾಗ ತೀರಿಸುತ್ತೇನೆ ಎನ್ನುತ್ತಾನೆ. ಅಂದರೆ ಅವನು ಮತ್ತೆ ಆ ದಾರಿಯಲ್ಲಿ ಬರಲಿದ್ದ, ಲೆಕ್ಕ ಕೇಳಲಿದ್ದ. ನಿಮ್ಮ ನೋಟ್‌ಬುಕ್ಕಿನಲ್ಲಿಯೂ ಪ್ರತಿ ಹೆಸರಿನ ಎದುರು ಮುಂದಿನ ಭೇಟಿಯ ತಾರೀಖು ಬರೆದಿರಲಿ.

ನಾಲ್ಕನೆಯ ಹೆಜ್ಜೆ: ಮಕ್ಕಳ ಕೈಗೆ ಕೆಲಸ ಕೊಡಿ

ತಿಮೊಥೆಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಪೌಲನು ಹೆಸರಿಟ್ಟು ಬರೆಯುತ್ತಾನೆ. ವಿಶ್ವಾಸ ಮನೆಯಲ್ಲಿ ಹೀಗೆ ಇಳಿದು ಬರುವುದು ಹೇಳಿದ್ದರಿಂದಲ್ಲ, ಜೊತೆಗೆ ಕರೆದೊಯ್ದದ್ದರಿಂದ. ಮೇಲೆ ಹೇಳಿದ ಭೇಟಿಗಳಿಗೆ ಒಂದೊಂದು ಮಗುವನ್ನು ಸರದಿಯಂತೆ ಕರೆದುಕೊಂಡು ಹೋಗಿ. ಚೀಲವನ್ನು ಅದೇ ಹೊರಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬದಂದು, ಚರ್ಚಿನಲ್ಲಿ ಸಿಗುವ ಹೊಸ ತೆನೆಯನ್ನು ಬರಲಾಗದ ವೃದ್ಧರ ಮನೆಗೆ ಮುಟ್ಟಿಸುವುದೂ, ಸುಗ್ಗಿಯ ಆರಾಧನೆಯ ಏಲಮಿನಲ್ಲಿ ಕೂಗಿ ಪಡೆದ ಕುಂಬಳಕಾಯಿಯನ್ನು ಅಗತ್ಯವಿರುವ ಮನೆಗೆ ಒಯ್ದು ಕೊಡುವುದೂ ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸಗಳು.

ಮನೆಯ ದೊಡ್ಡ ಬೈಬಲಿನ ಖಾಲಿ ಪುಟಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣಗಳ ತಾರೀಖು ಬರೆದಿಡುವ ಪದ್ಧತಿ ಹಲವು ಹಳೆಯ ಕುಟುಂಬಗಳಲ್ಲಿದೆ. ಅದರ ಪಕ್ಕದಲ್ಲಿ ಇನ್ನೊಂದು ಪುಟ ಸೇರಿಸಿ: ಕಷ್ಟಕಾಲದಲ್ಲಿ ನಮ್ಮ ಕುಟುಂಬಕ್ಕೆ ನೆರವಾದವರ ಹೆಸರುಗಳು. ಅಜ್ಜನ ಫೀಸು ಕಟ್ಟಿದ ಮೇಷ್ಟ್ರು, ಹೆರಿಗೆಯ ರಾತ್ರಿ ಎತ್ತಿನಗಾಡಿ ಕಟ್ಟಿದ ಪಕ್ಕದ ಮನೆಯ ಗೌಡರು, ಬಾಣಂತನ ಮಾಡಿದ ಸಾಬರ ಮನೆಯ ಅಮ್ಮ. ನಾವು ಯಾರಿಂದ ಪಡೆದೆವೆಂದು ಗೊತ್ತಿರುವ ಮಕ್ಕಳಿಗೆ ತಾವು ದಾನಿಗಳೆಂಬ ಗರ್ವ ಬರುವುದು ಕಡಿಮೆ. ಮೊಮ್ಮಕ್ಕಳಿಗೆ, ದೀಕ್ಷಾಸ್ನಾನದಲ್ಲಿ ನೀವು ಹೊಣೆ ಹೊತ್ತ ಮಕ್ಕಳಿಗೆ ಒಂದೊಂದು ಪತ್ರವನ್ನೂ ಕೈಬರಹದಲ್ಲಿ ಬರೆದಿಡಿ. ಮುಪ್ಪಿನ ಯಾಕೋಬನು ಎಫ್ರಾಯೀಮ್ ಮತ್ತು ಮನಸ್ಸೆಯರ ತಲೆಯ ಮೇಲೆ ಕೈಯಿಟ್ಟು ಹರಸಿದಂತೆ, ಆ ಮಗುವಿನಲ್ಲಿ ನೀವು ಕಂಡ ಒಂದು ಒಳ್ಳೆಯ ಗುಣವನ್ನು ಹೆಸರಿಸಿ ಹರಸಿ. ಉಪದೇಶ ಎರಡು ಸಾಲು ಮೀರದಿರಲಿ.

ಐದನೆಯ ಹೆಜ್ಜೆ: ಉಯಿಲು ಬರೆಯಿರಿ

ಇದನ್ನು ಮುಂದೂಡದವರು ವಿರಳ. ಆದರೆ ಪರಂಪರೆಯ ಕುರಿತು ಮಾತನಾಡಿ ಉಯಿಲು ಬರೆಯದೆ ಹೋದವರ ಮನೆಗಳಲ್ಲಿ ಉಳಿಯುವ ಪರಂಪರೆ ಎಷ್ಟೋ ಸಲ ಕೋರ್ಟಿನ ದಾವೆಯೇ.

ಭಾರತದ ಕ್ರೈಸ್ತರ ಉತ್ತರಾಧಿಕಾರ ಸಾಮಾನ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ಗೋವಾದಲ್ಲಿ ಆಸ್ತಿಯಿರುವವರಿಗೆ ಅಲ್ಲಿನ ಪ್ರತ್ಯೇಕ ಕಾನೂನು ಇರುವುದರಿಂದ ಅವರು ಅಲ್ಲಿಯ ವಕೀಲರನ್ನೇ ಕೇಳಬೇಕು. ಉಯಿಲಿಲ್ಲದೆ ಒಬ್ಬರು ತೀರಿಕೊಂಡರೆ ಪತ್ನಿಗೆ ಅಥವಾ ಪತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ಗಮನಿಸಬೇಕಾದದ್ದು ಇಲ್ಲಿ: ಮಕ್ಕಳಿದ್ದಾಗ ತೀರಿಕೊಂಡವರ ತಂದೆತಾಯಿಗೆ ಆ ಆಸ್ತಿಯಲ್ಲಿ ಏನೂ ಬರುವುದಿಲ್ಲ. ಮಗನ ಮನೆಯಲ್ಲೇ ಇರುವ ಎಂಬತ್ತರ ತಾಯಿ ಮಗನ ಮರಣದ ಮರುದಿನ ಸೊಸೆ ಮೊಮ್ಮಕ್ಕಳ ಕೃಪೆಗೆ ಬೀಳುತ್ತಾಳೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸಿದ್ದನ್ನು ಮಾರ್ಕನ ಸುವಾರ್ತೆಯಲ್ಲಿ ಓದುತ್ತೇವೆ. ಹಾಗಾಗಿ ಉಯಿಲಿನಲ್ಲಿ ಮೊದಲು ಬರೆಯಬೇಕಾದದ್ದು ತಾಯಿಯ ವಾಸದ ಹಕ್ಕು ಮತ್ತು ಖರ್ಚು; ದೇವಾಲಯದ ಗಂಟೆಗೋಪುರ ಅನಂತರ.

ಬರೆಯುವುದು ಕಷ್ಟವಲ್ಲ. ಬಿಳಿ ಹಾಳೆ ಸಾಕು, ಛಾಪಾಕಾಗದ ಬೇಡ. ಕನ್ನಡದಲ್ಲೇ ಬರೆಯಬಹುದು. ನೀವು ಸಹಿ ಮಾಡುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ನೋಡಬೇಕು, ಅವರೂ ನಿಮ್ಮ ಎದುರಿಗೇ ಸಹಿ ಮಾಡಬೇಕು. ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಹೆಂಡತಿಗೆ ಉಯಿಲಿನಲ್ಲಿ ಏನಾದರೂ ಬರೆದಿದ್ದರೆ ಆ ಕೊಡುಗೆ ಅಸಿಂಧುವಾಗುತ್ತದೆ, ಆದ್ದರಿಂದ ಪಾಲು ಪಡೆಯುವವರನ್ನು ಸಾಕ್ಷಿಗೆ ಕರೆಯಬೇಡಿ. ನಿಮ್ಮ ಇಚ್ಛೆಯನ್ನು ಜಾರಿಗೆ ತರುವ ಒಬ್ಬ ನಿರ್ವಾಹಕರ ಹೆಸರು ಬರೆಯಿರಿ. ನಿಮಗಿಂತ ಚಿಕ್ಕವರಾದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಜಗಳಕ್ಕೆ ಆಸ್ಪದ ಕಡಿಮೆ. ಉಯಿಲು ಬರೆದ ಮೇಲೆ ಮದುವೆಯಾದರೆ ಆ ಉಯಿಲು ರದ್ದಾಗುತ್ತದೆ ಎಂಬುದು ಕ್ರೈಸ್ತರಲ್ಲಿ ಹಲವರಿಗೆ ತಿಳಿದಿಲ್ಲ. ಪತ್ನಿ ತೀರಿಕೊಂಡ ನಂತರ ಮರುಮದುವೆಯಾದವರು ಹೊಸದಾಗಿ ಬರೆಯಲೇಬೇಕು. ಬ್ಯಾಂಕಿನಲ್ಲಿ ನಾಮಿನಿ ಹಾಕಿದರೆ ಆಯಿತೆಂದು ಭಾವಿಸಬೇಡಿ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರೇ ಹೊರತು ಸಾಮಾನ್ಯವಾಗಿ ಒಡೆಯರಲ್ಲ.

ಧರ್ಮಕಾರ್ಯಕ್ಕೆ ಬಿಟ್ಟುಹೋಗುವುದರಲ್ಲಿ ಹಿಂದೆ ಒಂದು ದೊಡ್ಡ ಅಡ್ಡಿಯಿತ್ತು. ಕಾಯ್ದೆಯ 118ನೆಯ ಸೆಕ್ಷನ್ನಿನ ಪ್ರಕಾರ ಹತ್ತಿರದ ಬಂಧುಗಳಿದ್ದವರು ಧಾರ್ಮಿಕ ಅಥವಾ ಧರ್ಮಾರ್ಥ ಉದ್ದೇಶಕ್ಕೆ ಆಸ್ತಿ ಬಿಡಬೇಕಾದರೆ ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮೊದಲು ಉಯಿಲು ಬರೆದಿರಬೇಕಿತ್ತು. ಫಾದರ್ ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಆ ಸೆಕ್ಷನ್ ಅಸಾಂವಿಧಾನಿಕವೆಂದು ತೀರ್ಪಿತ್ತಿತು. ಈಗ ನೀವು ನಿಮ್ಮ ಒಂದು ಪಾಲನ್ನು ಶಾಲೆಗೋ ಆಸ್ಪತ್ರೆಗೋ ನಿಶ್ಚಿಂತೆಯಿಂದ ಬರೆಯಬಹುದು. ಬರೆಯುವಾಗ ಮಾತು ಸ್ಪಷ್ಟವಾಗಿರಲಿ. 'ಬಡವರಿಗೆ ಸ್ವಲ್ಪ ಹಣ' ಎಂದು ಬರೆದರೆ ಯಾರಿಗೂ ಏನೂ ತಲುಪುವುದಿಲ್ಲ. 'ನನ್ನ ಇಂಥ ಬ್ಯಾಂಕಿನ ಇಂಥ ಠೇವಣಿಯಲ್ಲಿ 1,00,000 ರೂಪಾಯಿಯನ್ನು ಇಂಥ ಊರಿನ ಇಂಥ ಶಾಲೆಯ ಆಡಳಿತ ಮಂಡಳಿಗೆ ಕೊಡತಕ್ಕದ್ದು. ಅದರ ಬಡ್ಡಿಯಿಂದ ಪ್ರತಿವರ್ಷ ಜೂನ್ ತಿಂಗಳಲ್ಲಿ ಜಾತಿಮತ ನೋಡದೆ ತಂದೆಯಿಲ್ಲದ ಮಕ್ಕಳಿಗೆ ಪುಸ್ತಕ ಕೊಡಿಸತಕ್ಕದ್ದು' ಎಂಬಷ್ಟು ವಿವರ ಬೇಕು. ಆ ಸಂಸ್ಥೆಯ ನೋಂದಾಯಿತ ಹೆಸರನ್ನು ಕೇಳಿ ತಿಳಿದೇ ಬರೆಯಿರಿ, ಮತ್ತು ಬರೆಯುವ ಮುನ್ನ ಅದರ ಲೆಕ್ಕಪತ್ರ ನೋಡಿ. ಸಭೆಯ ಆಸ್ತಿಗಳ ಬಗ್ಗೆ ನಡೆದಿರುವ ದಾವೆಗಳನ್ನು ಕಂಡವರು ಈ ಎಚ್ಚರಿಕೆಯನ್ನು ಅವಿಶ್ವಾಸವೆಂದು ಕರೆಯಲಾರರು. ಹೊಲ ತೋಟಗಳನ್ನು ಸಂಸ್ಥೆಗೆ ಬಿಡುವ ಇಚ್ಛೆಯಿದ್ದರೆ ವಕೀಲರಿಲ್ಲದೆ ಮುಂದುವರಿಯಬೇಡಿ.

ಬರೆದು ಮುಗಿಸಿದ ಮೇಲೆ ಮಕ್ಕಳನ್ನು ಕೂರಿಸಿ ಓದಿ ಹೇಳಿ. ಅಪ್ಪನ ಇಚ್ಛೆಯನ್ನು ಅಪ್ಪನ ಬಾಯಿಂದಲೇ ಕೇಳಿದವರು ಅನಂತರ ಅದರ ವಿರುದ್ಧ ಹೋಗುವುದು ಕಡಿಮೆ.

ಇದೇ ಹೊತ್ತಿನಲ್ಲಿ ಕಣ್ಣಿನ ದಾನದ ವಿಷಯವನ್ನೂ ಮಾತನಾಡಿಬಿಡಿ. ಮರಣದ ನಂತರ ಸುಮಾರು ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಕನ್ನಡಕ ಹಾಕುವವರೂ, ಸಕ್ಕರೆ ಕಾಯಿಲೆಯವರೂ, ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಸಾಮಾನ್ಯವಾಗಿ ಕೊಡಬಹುದು. ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರಾದ್ದರಿಂದ, ಹತ್ತಿರದ ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆ ಫ್ರಿಜ್ಜಿನ ಬಾಗಿಲಿನ ಮೇಲೆ ಅಂಟಿಸಿರಲಿ.

ಆರನೆಯ ಹೆಜ್ಜೆ: ಬದುಕಿರುವಾಗಲೇ ಕೈ ಬದಲಿಸಿ

ಮೋಶೆ ಯೆಹೋಶುವನ ಮೇಲೆ ಕೈಯಿಟ್ಟು ಅಧಿಕಾರ ಒಪ್ಪಿಸಿದ್ದು ಇಡೀ ಸಮೂಹದ ಎದುರಿಗೆ, ತಾನು ಇನ್ನೂ ಇರುವಾಗಲೇ. ನಮ್ಮಲ್ಲಿ ಸ್ತ್ರೀ ಸಂಘದ ಖಜಾಂಚಿ, ಸಂಡೇ ಸ್ಕೂಲಿನ ಮುಖ್ಯಸ್ಥರು, ಸಭಾ ಕಮಿಟಿಯ ಕಾರ್ಯದರ್ಶಿ ಎಂಬ ಹುದ್ದೆಗಳು ಎಷ್ಟೋ ಕಡೆ ಉಸಿರಿರುವವರೆಗೂ ಒಬ್ಬರ ಬಳಿಯೇ ಉಳಿಯುತ್ತವೆ, ಮತ್ತು ಅವರೊಂದಿಗೆ ಕೆಲಸವೂ ಮಣ್ಣಾಗುತ್ತದೆ. ನೀವು ನಡೆಸುತ್ತಿರುವ ಸೇವೆಗೆ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಒಬ್ಬರನ್ನು ಈಗಲೇ ಆರಿಸಿ. ಮೊದಲ ವರ್ಷ ಅವರು ನಿಮ್ಮ ಜೊತೆ ಬರಲಿ, ಎರಡನೆಯ ವರ್ಷ ಅವರು ನಡೆಸಲಿ, ನೀವು ಜೊತೆಗಿರಿ. ಮೂರನೆಯ ವರ್ಷ ನೋಟ್‌ಬುಕ್, ಬ್ಯಾಂಕ್ ಪಾಸ್‌ಬುಕ್, ಫೋನ್ ನಂಬರುಗಳು, ಬೀರುವಿನ ಬೀಗದ ಕೈ ಎಲ್ಲವನ್ನೂ ಕಮಿಟಿಯ ಎದುರಿನಲ್ಲೇ ಒಪ್ಪಿಸಿ. ಅವರು ನಿಮ್ಮ ರೀತಿ ಬಿಟ್ಟು ತಮ್ಮ ರೀತಿಯಲ್ಲಿ ಮಾಡಿದರೆ ಬಾಯಿ ಹಾಕಬೇಡಿ. ಕೇಳಿದಾಗ ಮಾತ್ರ ಹೇಳಿ.

ವರ್ಷಕ್ಕೊಮ್ಮೆ ಎಲ್ಲವನ್ನೂ ತಿರುವಿ ನೋಡಲು ಒಂದು ದಿನ ಗೊತ್ತುಪಡಿಸಿಕೊಳ್ಳಿ. ಜನವರಿಯ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ ನಡೆಯುವ ಸಭೆಗಳವರಿಗೆ ಅದೇ ದಿನ ಅನುಕೂಲ. ಮಧ್ಯಾಹ್ನದ ಊಟವಾದ ಮೇಲೆ ಉಯಿಲನ್ನೂ ನೋಟ್‌ಬುಕ್ಕನ್ನೂ ಮೇಜಿನ ಮೇಲೆ ಇಟ್ಟುಕೊಂಡು ತೀರಿಕೊಂಡವರ ಹೆಸರು ತೆಗೆಯಿರಿ, ಹೊಸ ಹೆಸರು ಸೇರಿಸಿ, ಯಾವುದಾದರೂ ಖಾತೆ ಮುಚ್ಚಿದ್ದರೆ ಅಥವಾ ಅದರ ವಿವರ ಬದಲಾಗಿದ್ದರೆ ವಕೀಲರಿಗೆ ತಿಳಿಸಿ, ತಿಂಗಳ ಪಾಲನ್ನು ಸಂಬಳ ಏರಿದಷ್ಟು ಏರಿಸಿ, ಮತ್ತು ಆ ವಾರ ಯಾರ ಮನೆಗೆ ಹೋಗಬೇಕೆಂದು ನಿರ್ಧರಿಸಿ ಅವರಿಗೆ ಫೋನ್ ಮಾಡಿ ಬರುತ್ತೇವೆಂದು ತಿಳಿಸಿ.